ಪರಿಶೀಲನೆಯಲ್ಲಿರುವ ಪೊರಕೆ

ನಮ್ಮ ಗುಮಾಸ್ತರು ಸುಳ್ಳುಗಾರರಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅದನ್ನು ನಂಬುವುದು ಕಷ್ಟವಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ಅವರು ನಗರಸಭೆಯ ನೈರ್ಮಲ್ಯ ವಿಭಾಗದಲ್ಲಿ, ಕಿಟಕಿಯಿಂದ ಮೂರನೆಯ ಮೇಜಿನಲ್ಲಿ ಕೂತಿದ್ದಾರೆ. ಕಸದ ಬಗ್ಗೆ ಯಾರು ದೂರು ಕೊಟ್ಟರೂ ಅದು ಆ ಮೇಜಿಗೇ ಬರಬೇಕು. ಗುಮಾಸ್ತರು ಅದನ್ನು ಎರಡು ಸಲ ಓದಿ, ಮನಸಾರೆ ನೊಂದು, ಅದರ ನೆತ್ತಿಯ ಮೇಲೆ "ಪರಿಶೀಲನೆಯಲ್ಲಿದೆ" ಎಂಬ ಮೊಹರು ಒತ್ತಿ ಹಿಂದಿನ ಕಪಾಟಿನಲ್ಲಿ ಇಡುತ್ತಾರೆ. ಆ ಕಪಾಟಿನಿಂದ ಈವರೆಗೆ ಹೊರಗೆ ಬಂದದ್ದು ಜಿರಲೆಗಳು ಮಾತ್ರ.

ಕಚೇರಿಯಲ್ಲಿ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಇನ್ನು ಇದನ್ನು ಯಾರೂ ನೋಡುವುದಿಲ್ಲ, ಇದರಿಂದ ಯಾರಿಗೂ ಏನೂ ಆಗುವುದಿಲ್ಲ, ನೀವು ನಿಶ್ಚಿಂತೆಯಿಂದ ಮನೆಗೆ ಹೋಗಿ. ಒಂದು ರೀತಿಯಲ್ಲಿ ಬಹಳ ಕರುಣೆಯ ಮಾತು ಅದು. ಎಷ್ಟೋ ಜನರ ತಪ್ಪುಗಳು ಆ ಮೊಹರಿನ ನೆರಳಿನಲ್ಲಿ ಸುಖವಾಗಿ ಮಲಗಿವೆ.

ಅವರ ಹೆಂಡತಿಗೆ ಈ ಕರುಣೆಯಿಂದ ಏನೂ ಪ್ರಯೋಜನವಾಗಿರಲಿಲ್ಲ. ಅವರ ಮನೆಯ ಎದುರೇ ಒಂದು ಕಸದ ಗುಡ್ಡೆ ಇತ್ತು. ನೈರ್ಮಲ್ಯದವರ ಮನೆ ಎಲ್ಲಿ ಅಂತ ಕೇಳಿದರೆ ಪಕ್ಕದ ಮನೆಯವರು ಆ ಗುಡ್ಡೆಯನ್ನೇ ಗುರುತು ಹೇಳುತ್ತಿದ್ದರು. ಎಲ್ಲೋ ದೂರದಲ್ಲಿ ಒಂದು ಹಳ್ಳಿ ಇದೆ, ಅಲ್ಲಿ ಬೀದಿಯಲ್ಲಿ ಹುಡುಕಿದರೂ ಕಸ ಸಿಗುವುದಿಲ್ಲ, ನೋಡಲು ಬಂದವರನ್ನು ಊರವರೇ ತಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತಾರೆ ಎಂದು ಪತ್ರಿಕೆಯಲ್ಲಿ ಓದಿದ ದಿನದಿಂದ ಅವಳು ಪಟ್ಟು ಹಿಡಿದಳು. ಜೀವನದಲ್ಲಿ ಒಂದು ಸಲ ಮೂಗಿಗೆ ಸೆರಗು ಹಿಡಿಯದೆ ನಡೆಯಬೇಕು, ಅಷ್ಟೇ ಅವಳ ಆಸೆ.

ಗುಮಾಸ್ತರು ಹಳ್ಳಿಗೆ ಕಾಗದ ಬರೆದರು. ಎಷ್ಟು ಜನ, ಎಷ್ಟು ದಿನ, ಏನು ಉದ್ಯೋಗ ಎಂದು ಹಳ್ಳಿಯವರು ತಿರುಗಿ ಬರೆದು ಕೇಳಿದರು. "ಇಬ್ಬರು, ಎರಡು ದಿನ, ನಗರ ನೈರ್ಮಲ್ಯ, ಇಪ್ಪತ್ತೆರಡು ವರ್ಷದ ಅನುಭವ" ಎಂದು ಇವರು ಉತ್ತರಿಸಿದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಎಲ್ಲ ಸೇರಿಸಿ ಓದಿದರೆ ಮಾತ್ರ ನಿಜವಿರಲಿಲ್ಲ. ತಮ್ಮಂಥ ಅನುಭವಿಗಳು ಬರುವುದು ನಮ್ಮ ಪುಣ್ಯ, ನಮ್ಮ ಕುಂದುಕೊರತೆಗಳನ್ನು ತಿದ್ದಬೇಕು ಎಂದು ವಾರದೊಳಗೆ ಮರುಟಪಾಲು ಬಂತು.

"ರೀ, ಇವರು ನಿಮ್ಮನ್ನ ಏನೂಂತ ತಿಳ್ಕೊಂಡಿದಾರೆ?" ಎಂದು ಹೆಂಡತಿ ಕೇಳಿದಳು.

"ತಿಳ್ಕೊಂಡೋರು ಅವರು. ಅದಕ್ಕೆ ನಾನೇನ್ ಮಾಡ್ಲಿ?" ಎಂದು ಗುಮಾಸ್ತರು ಕಾಗದವನ್ನು ಮಡಚಿ ಎದೆಯ ಜೇಬಿನಲ್ಲಿ ಇಟ್ಟುಕೊಂಡರು. ಬಸ್ಸಿನಲ್ಲಿ ಅದನ್ನು ಮೂರು ಸಲ ತೆಗೆದು ಓದಿದರು.

ಪತ್ರಿಕೆ ಹೇಳಿದ್ದಕ್ಕಿಂತ ಹಳ್ಳಿ ಒಂದು ಕೈ ಹೆಚ್ಚೇ ಇತ್ತು. ಬೀದಿಗೆ ಹಾಸಿದ ಕಲ್ಲುಗಳು ತೊಳೆದಿಟ್ಟ ಊಟದ ತಟ್ಟೆಯ ಹಾಗಿದ್ದವು. ಚರಂಡಿಯ ನೀರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು. ಅಲ್ಲಿನ ನಾಯಿ ಕೂಡ ಮೈ ಕೆರೆದುಕೊಳ್ಳಬೇಕಾದರೆ ಊರಾಚೆ ಹೋಗಿ ಬರುತ್ತಿತ್ತು ಎಂದು ಗುಮಾಸ್ತರು ಆಮೇಲೆ ಹೇಳಿದ್ದುಂಟು. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಪ್ರತಿ ಮನೆಗೂ ಬೀದಿಯಲ್ಲಿ ಒಂದು ಪಾಲು ಇತ್ತು. ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಬೆಳಗಾಗುವುದರೊಳಗೆ ಅವರವರ ಪಾಲು ಅವರವರು ಗುಡಿಸಬೇಕು.

ಇವರನ್ನು ಇಳಿಸಿದ್ದು ಬಡಗಿಯ ಮನೆಯಲ್ಲಿ. ಮರದ ಹೊಟ್ಟನ್ನೂ ದಪ್ಪದ್ದು ಬೇರೆ, ಸಣ್ಣದ್ದು ಬೇರೆ ಮಾಡಿ ಚೀಲದಲ್ಲಿ ತುಂಬಿಡುವ ಮನೆ ಅದು. ಬಡಗಿ, ಅವನ ಹೆಂಡತಿ, ಅವನ ತಾಯಿ, ಮೂರೇ ಜನ. ತಾಯಿಯನ್ನು ಊರೆಲ್ಲ ಅಜ್ಜಿ ಎನ್ನುತ್ತಿತ್ತು. ಈ ಮನೆಯ ಪಾಲು ದೀಪದ ಕಂಬದಿಂದ ಬೀದಿ ನಲ್ಲಿಯವರೆಗೆ. ಐವತ್ತು ವರ್ಷದಿಂದ ಅದನ್ನು ಗುಡಿಸುತ್ತಿದ್ದವಳು ಅಜ್ಜಿಯೇ.

ಅಜ್ಜಿಗೆ ಕಣ್ಣು ಮುಕ್ಕಾಲು ಹೋಗಿತ್ತು. ಇನ್ನು ಏನು ಮಾಡಿದರೂ ಬರುವುದಿಲ್ಲ ಎಂದು ವೈದ್ಯರು ಕೈಚೆಲ್ಲಿದ್ದರು. ಅವಳು ಹೆಜ್ಜೆ ಎಣಿಸಿಕೊಂಡು ಗುಡಿಸುತ್ತಿದ್ದಳು. ಕಂಬದಿಂದ ನಲ್ಲಿಗೆ ನಲವತ್ತೆರಡು ಹೆಜ್ಜೆ. ಹಿಂದಿನ ವರ್ಷ ಒಮ್ಮೆ ಎಡವಿ ಚರಂಡಿಗೆ ಬಿದ್ದಿದ್ದರಿಂದ ಸೊಸೆಗೆ ಜೀವ ಕೈಯಲ್ಲಿ ಹಿಡಿದುಕೊಂಡ ಹಾಗಾಗಿತ್ತು. ಪೊರಕೆ ನನಗೆ ಕೊಟ್ಟುಬಿಡಿ ಅತ್ತೆ ಎಂದು ಅವಳು ದಿನಾ ಕೇಳುವುದು, ಇವಳು ದಿನಾ ಕೊಡದಿರುವುದು. ಕೊನೆಗೆ ಊರ ಸಮಿತಿಯ ಮುಂದೆ ಒಪ್ಪಂದವಾಯಿತು. ನನ್ನ ಪಾಲಿನಲ್ಲಿ ಒಂದು ಚೂರು ಕಸ ಸಿಕ್ಕಿದ ದಿನ ನಾನಾಗಿಯೇ ಪೊರಕೆ ಇಟ್ಟುಬಿಡುತ್ತೇನೆ, ಅಲ್ಲಿಯವರೆಗೆ ಯಾರೂ ಮಾತೆತ್ತಬಾರದು ಎಂದಳು ಅಜ್ಜಿ. ಹದಿನಾಲ್ಕು ತಿಂಗಳಾದರೂ ಒಂದು ಎಲೆಯೂ ಸಿಕ್ಕಿರಲಿಲ್ಲ.

ಇದನ್ನೆಲ್ಲ ಸೊಸೆ ಊಟ ಬಡಿಸುತ್ತ ಹೇಳುವಾಗ ಅಜ್ಜಿ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. "ಮನೆಯೊಳಗೆ ನಾನು ಮುದುಕಿ ಸಾಹೇಬ್ರೇ," ಎಂದಳು, "ಬೀದಿಗೆ ಇಳಿದ್ರೆ ಕೆಲಸದೋಳು. ಅಷ್ಟೇ ವ್ಯತ್ಯಾಸ."

ಮಧ್ಯಾಹ್ನ ಸಮಿತಿಯ ಅಧ್ಯಕ್ಷರು ಬಂದರು. ಅವರು ನಿವೃತ್ತ ಪೋಸ್ಟ್‌ಮ್ಯಾನ್. ನಲವತ್ತು ವರ್ಷ ಯಾರದೋ ಕಾಗದ ಇನ್ಯಾರಿಗೋ ಕೊಡದೆ ಬಾಳಿದವರು, ಹೇಳಿದ ಮಾತನ್ನು ಹೇಳಿದ ವಿಳಾಸಕ್ಕೇ ಮುಟ್ಟಿಸುವವರು. ಊರೆಲ್ಲ ಸುತ್ತಿಸಿ, ಚರಂಡಿಯ ಇಳಿಜಾರು ಸರಿಯಿದೆಯೇ ಎಂದು ಕೇಳಿದರು. ಗುಮಾಸ್ತರು ಬಗ್ಗಿ ನೋಡಿ, ಹೂಂ, ಇಳಿಜಾರು ಇದೆ ಎಂದರು. ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಾಯಿತು. ಗೊಬ್ಬರದ ಗುಂಡಿಯ ಮುಂದೆ ನಿಂತಾಗ ಏನಾದರೂ ಹೇಳಲೇಬೇಕಲ್ಲ ಎಂದು, ಇದು ಸ್ವಲ್ಪ ಆ ಕಡೆ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದರು. ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಹತ್ತು ಜನ ಹಳೆಯ ಗುಂಡಿ ಮುಚ್ಚಿ ಆ ಕಡೆ ಹೊಸದನ್ನು ಸೊಂಟದ ಮಟ್ಟಕ್ಕೆ ತೋಡಿದ್ದರು. ಮೊದಲಿನ ಜಾಗವೂ ಕೆಟ್ಟದ್ದೇನಲ್ಲ ಎಂದು ಗುಮಾಸ್ತರು ಬಾಯಿ ತಪ್ಪಿ ಅಂದರು. ಹತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗುದ್ದಲಿ ಎತ್ತಿಕೊಂಡು ವಾಪಸು ಹೋದರು.

ಇಷ್ಟು ಮಾತಾಡಬೇಕಾದರೆ ಗಂಟಲು ಕೆಡದಿರುತ್ತದೆಯೇ? ಗುಮಾಸ್ತರಿಗೆ ಪೆಪ್ಪರ್‌ಮಿಂಟ್ ಇಲ್ಲದೆ ಗಂಟಲು ನಡೆಯುವುದಿಲ್ಲ. ಕೆಂಪು ಮಿಂಚುಕಾಗದ ಸುತ್ತಿದ ಪೆಪ್ಪರ್‌ಮಿಂಟ್‌ಗಳನ್ನು ಒಂದರ ಹಿಂದೆ ಒಂದು ಬಾಯಿಗೆ ಹಾಕಿಕೊಂಡರು. ಕಾಗದ ಎಲ್ಲಿ ಎಸೆಯುವುದು? ಬೀದಿಯಲ್ಲಿ ಡಬ್ಬವೇ ಇಲ್ಲ, ಯಾಕೆಂದರೆ ಅಲ್ಲಿ ಯಾರೂ ಬೀದಿಯಲ್ಲಿ ಕಸ ಮಾಡುವುದಿಲ್ಲ. ಮನೆಯಲ್ಲಿ ಕೇಳಬಹುದಿತ್ತು. ಆದರೆ ಕಸದ ಡಬ್ಬ ಎಲ್ಲಿದೆ ಅಂತ ಕೇಳುವ ನೈರ್ಮಲ್ಯ ತಜ್ಞನನ್ನು ಯಾರು ತಜ್ಞ ಎನ್ನುತ್ತಾರೆ? ಕಾಗದಗಳೆಲ್ಲ ಜೇಬು ಸೇರಿದವು. ಕರವಸ್ತ್ರವೂ ಅದೇ ಜೇಬಿನಲ್ಲಿತ್ತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಗುಮಾಸ್ತರು ಮೆಟ್ಟಿಲಿಗೆ ಬಂದು ನಿಂತಾಗ ಅಜ್ಜಿ ಗುಡಿಸಿ ಮುಗಿಸುತ್ತಿದ್ದಳು. ಕೊನೆಯ ಹೆಜ್ಜೆ ಇಟ್ಟವಳೇ ತಿರುಗಿಯೂ ನೋಡದೆ ಬಲಗೈ ಚಾಚಿದಳು. ಕೈ ನೆಟ್ಟಗೆ ನಲ್ಲಿಯ ಮೇಲೆ ಹೋಗಿ ಕೂತಿತು. ಕೈ ತೊಳೆದುಕೊಂಡು, ನಲವತ್ತೆರಡು, ಮುಗೀತು ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋದಳು.

ಗುಮಾಸ್ತರು ಆ ತಣ್ಣನೆಯ ಬೀದಿಯಲ್ಲಿ ನಾಲ್ಕು ಹೆಜ್ಜೆ ಹಾಕೋಣವೆಂದು ಹೊರಟರು. ಕಂಬದ ಹತ್ತಿರ ಒಂದು ಸೀನು ಬಂತು. ಕರವಸ್ತ್ರ ಎಳೆದರು, ಸೀನಿದರು, ಮುಖ ಒರೆಸಿಕೊಂಡರು, ಬಂದರು. ಪ್ರಪಂಚದಲ್ಲಿ ಇದಕ್ಕಿಂತ ನಿರಪರಾಧಿಯಾದ ಕೆಲಸ ಇನ್ನೊಂದಿಲ್ಲ.

ಆರೂವರೆಗೆ ಪೋಸ್ಟ್‌ಮ್ಯಾನ್ ಕೋಲು ಊರಿಕೊಂಡು ಎಂದಿನಂತೆ ಊರು ನೋಡಿಬರಲು ಬಂದವರು ಕಂಬದ ಹತ್ತಿರ ನಿಂತುಬಿಟ್ಟರು. ಐದೇ ನಿಮಿಷದಲ್ಲಿ ಮೂವತ್ತು ಜನ ಸೇರಿದರು. ಕಲ್ಲಿನ ಮೇಲೆ ಒಂದು ಕೆಂಪು ಕಾಗದ ಎಳೆಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಅದು ಯಾರದು ಎಂದು ಯಾರೂ ಕೇಳಲಿಲ್ಲ. ಆ ಊರಿನ ನ್ಯಾಯವೇ ಬೇರೆ. ಕಸ ಗಾಳಿಗೆ ಬರುತ್ತದೆ, ಹಕ್ಕಿ ತರುತ್ತದೆ, ಮನುಷ್ಯರ ಕೈಯಿಂದಲೂ ಬೀಳುತ್ತದೆ. ಬೀಳಿಸಿದವರು ಯಾರೆಂದು ಅವರು ಹುಡುಕುವುದಿಲ್ಲ, ಎತ್ತದೆ ಬಿಟ್ಟವರು ಯಾರೆಂದು ಮಾತ್ರ ಕೇಳುತ್ತಾರೆ. ಎಲ್ಲರೂ ಅಜ್ಜಿಯ ಕಡೆಗೆ ನೋಡಿದರು. ಅಜ್ಜಿ ಕೂತು ಆ ಕಲ್ಲನ್ನು ಅಂಗೈಯಲ್ಲಿ ಸವರುತ್ತಿದ್ದಳು. "ಇಲ್ಲಿ ಎರಡು ಸಲ ಎಳೆದಿದ್ದೆನಲ್ಲ," ಎಂದಳು, ಯಾರಿಗೂ ಅಲ್ಲ.

ಗುಮಾಸ್ತರ ಕೈ ತಾನಾಗಿಯೇ ಜೇಬಿಗೆ ಹೋಯಿತು. ಹೆಂಡತಿಯ ಕಣ್ಣು ಆ ಕೈಯ ಹಿಂದೆಯೇ ಹೋಯಿತು. ಒಂದು ಮಾತು ಹೇಳಿದರೆ ಸಾಕಿತ್ತು: ಇದು ನನ್ನದು, ಅಜ್ಜಿ ಗುಡಿಸಿದ ಮೇಲೆ ಬಿದ್ದದ್ದು. ಹೇಳಬೇಕೆಂದೇ ಅವರು ಬಾಯಿ ತೆರೆದರು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಅವರ ಕಡೆ ತಿರುಗಿ ಕೈ ಮುಗಿದರು.

"ಸಾಹೇಬ್ರೇ, ನಮ್ಮಲ್ಲಿ ನಾವೇ ಆದ್ರೆ ಮುಲಾಜು ಬರುತ್ತೆ. ತಿಳಿದೋರು ನೀವಿದ್ದೀರಿ. ನೀವೇ ಒಂದು ತೀರ್ಮಾನ ಹೇಳಿ."

ಮೂವತ್ತು ಮುಖಗಳು ತಮ್ಮನ್ನೇ ನೋಡುತ್ತಿರುವಾಗ, ತಾನು ಜೇಬಿನ ತುಂಬ ಕಸ ಇಟ್ಟುಕೊಂಡು ತಿರುಗುವವನು ಎಂದು ಯಾವ ತಜ್ಞ ತಾನೇ ಹೇಳಿಯಾನು? ಅಜ್ಜಿಗೂ ತೊಂದರೆಯಾಗಬಾರದು, ತಮಗೂ ಆಗಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರಿಗೆ ಗೊತ್ತಿದ್ದ ಕರುಣೆಯ ಮಾತು ಒಂದೇ. ಗಂಟಲು ಸರಿಮಾಡಿಕೊಂಡು, ಇದನ್ನು ಪರಿಶೀಲನೆಯಲ್ಲಿಡೋಣ ಎಂದರು. ಹೇಳಿದ ಮೇಲೆ ಎದೆ ಹಗುರವಾಯಿತು. ಅಜ್ಜಿಯನ್ನು ಕಪಾಟಿನೊಳಗೆ ಇಟ್ಟು ಕಾಪಾಡಿದ ಹಾಗೆ ಅನ್ನಿಸಿತು.

ಅವರು ಮರೆತದ್ದು ಗೊಬ್ಬರದ ಗುಂಡಿಯನ್ನು. ಪರಿಶೀಲನೆ ಅಂದರೆ ಪರಿಶೀಲನೆ ಎಂದೇ ತಿಳಿಯುವ ಜನ ಆ ಊರಿನವರು. ಅದೇ ಸರಿಯಾದ ನ್ಯಾಯ ಎಂದು ಮೂವತ್ತು ತಲೆಗಳೂ ಆಡಿದವು. ಪೋಸ್ಟ್‌ಮ್ಯಾನ್ ಆ ಕಾಗದವನ್ನು ಒಂದು ಲಕೋಟೆಗೆ ಹಾಕಿ ಮೇಲೆ ತಾರೀಕು ಬರೆದರು. ಪರಿಶೀಲನೆ ಮುಗಿಯುವವರೆಗೆ ಪೊರಕೆ ಯಾರ ಕೈಯಲ್ಲೂ ಇರಬಾರದು ಎಂದಾಯಿತು. ಬಡಗಿ ಬಾಗಿಲ ಪಕ್ಕದ ಗೋಡೆಗೆ ಒಂದು ಗೂಟ ಹೊಡೆದ. ಅಜ್ಜಿ ತಾನೇ ಎದ್ದು ಪೊರಕೆಯನ್ನು ಮಗನ ಕೈಗೆ ಕೊಟ್ಟಳು. ಗುಮಾಸ್ತರು ಹಾಗಲ್ಲ, ಹೀಗಲ್ಲ ಎನ್ನುವಷ್ಟರಲ್ಲಿ ಅದು ಗೂಟದಲ್ಲಿ ನೇತಾಡುತ್ತಿತ್ತು. ಎಷ್ಟು ದಿನ ಬೇಕಾಗುತ್ತದೆ ಎಂದು ಪೋಸ್ಟ್‌ಮ್ಯಾನ್ ಕೇಳಿದ್ದಕ್ಕೆ ಗುಮಾಸ್ತರು ಪದ್ಧತಿ ಪ್ರಕಾರ ಎಂದರು. ಹಾಗಾದರೆ ಅವಸರವಿಲ್ಲ, ಪದ್ಧತಿ ಪ್ರಕಾರವೇ ಆಗಲಿ ಎಂದು ಅವರು ತೃಪ್ತರಾದರು.

ಹೊರಡುವಾಗ ಅಜ್ಜಿ ಮಾತ್ರ ಬಾಗಿಲವರೆಗೆ ಬಂದಳು. "ಸ್ವಲ್ಪ ಬೇಗ ನೋಡಿ ಸಾಹೇಬ್ರೇ. ದಿನಾ ನಡೆದ್ರೆ ನೆನಪಿರುತ್ತೆ. ಕೂತುಬಿಟ್ರೆ ಕಾಲು ಮರೆತುಬಿಡುತ್ತೆ."

ಬಸ್ಸಿನಲ್ಲಿ ಹೆಂಡತಿ ಅವರ ಜೇಬಿಗೆ ಕೈ ಹಾಕಿ ಕಾಗದಗಳನ್ನು ಮಡಿಲಲ್ಲಿ ಹರಡಿಕೊಂಡಳು. "ಒಂಬತ್ತು ತಿಂದಿದೀರಿ. ಇಲ್ಲಿ ಎಂಟಿದೆ."

ಏನೂ ಆಗುವುದಿಲ್ಲ ಕಣೆ, ಪರಿಶೀಲನೆಯಲ್ಲಿ ಇಟ್ಟಿದ್ದೇನೆ ಎಂದು ಗುಮಾಸ್ತರು ಸಮಾಧಾನ ಹೇಳಿದರು.

"ಅದು ನಿಮ್ಮ ಕಚೇರೀಲಿ. ಇವರು ನಿಮ್ಮ ಮಾತು ಕೇಳ್ಕೊಂಡು ಒಂದೇ ದಿನ ಎರಡು ಸಲ ಗುಂಡಿ ತೋಡಿದೋರು," ಎಂದು ಅವಳು ಎಂಟೂ ಕಾಗದಗಳನ್ನು ತನ್ನ ಚೀಲದಲ್ಲಿ ಭದ್ರಮಾಡಿ, ಊರು ಬರುವವರೆಗೆ ಕಿಟಕಿಯಾಚೆ ನೋಡುತ್ತ ಕೂತಳು.

ತಿಂಗಳು ತುಂಬಿದ ದಿನ ಕಚೇರಿಯ ವಿಳಾಸಕ್ಕೆ ಪೋಸ್ಟ್‌ಮ್ಯಾನ್ ಬರೆದ ಒಂದು ಕಾರ್ಡು ಬಂತು. ಪರಿಶೀಲನೆ ಎಲ್ಲಿಗೆ ಬಂತು, ಅಜ್ಜಿಯ ಪಾಲನ್ನು ಸೊಸೆ ಬೇರೆ ಪೊರಕೆಯಲ್ಲಿ ಗುಡಿಸುತ್ತಿದ್ದಾಳೆ, ಅಜ್ಜಿ ಕ್ಷೇಮ. ಎರಡನೆಯ ತಿಂಗಳು ಎರಡನೆಯದು. ಗುಮಾಸ್ತರು ನಿಜ ಬರೆಯಲು ಕೂತರು, ಸಾದರ ವಂದನೆಗಳು ಎಂಬ ಮೊದಲ ಸಾಲಿಗೇ ನಿಲ್ಲಿಸಿದರು. ಮೂರನೆಯ ತಿಂಗಳು ಒಂದು ಉಪಾಯ ಹೊಳೆಯಿತು. ಪರಿಶೀಲನೆ ಮುಗಿದಿದೆ, ಅಜ್ಜಿಯದು ತಪ್ಪಿಲ್ಲ ಎಂದು ಕಚೇರಿಯ ಕಾಗದದಲ್ಲೇ ಬರೆದು ಕಳಿಸಿ ಕೈ ತೊಳೆದುಕೊಂಡರು. ತಪ್ಪಿಲ್ಲ ಎಂಬುದಕ್ಕೆ ಆಧಾರವೇನು ಎಂದು ದಯವಿಟ್ಟು ತಿಳಿಸಬೇಕು, ಕನಿಕರಕ್ಕೆ ಕೊಟ್ಟ ತೀರ್ಪು ತನಗೆ ಬೇಡ ಎಂದು ಅಜ್ಜಿ ಪೊರಕೆ ಮುಟ್ಟುತ್ತಿಲ್ಲ ಎಂದು ಉತ್ತರ ಬಂತು. ಆಧಾರ ಎಂಟು ತುಂಡಾಗಿ ಹೆಂಡತಿಯ ಚೀಲದಲ್ಲಿತ್ತು. ಅವಳು ಆ ಚೀಲವನ್ನು ದಿನಾ ಊಟದ ಮೇಜಿನ ಮೇಲೆ, ಅವರ ತಟ್ಟೆಯ ಪಕ್ಕ ಇಡತೊಡಗಿದಳು.

ಆರನೆಯ ಕಾರ್ಡು ಬಂದ ದಿನ ಗುಮಾಸ್ತರು ಜ್ವರವೆಂದು ರಜೆಯಲ್ಲಿದ್ದರು. ಆಮೇಲೆ ಕಾರ್ಡೇ ಬರಲಿಲ್ಲ. ಎಂಟನೆಯ ತಿಂಗಳು ಯಾವುದೋ ಕಡತ ಹುಡುಕಲು ಕಪಾಟು ತೆಗೆದಾಗ ಆ ಆರನೆಯ ಕಾರ್ಡು ಸಿಕ್ಕಿತು. ಅವರ ಜಾಗದಲ್ಲಿ ಕೂತ ಹೊಸಬ ಪದ್ಧತಿ ಪ್ರಕಾರ ಅದರ ನೆತ್ತಿಯ ಮೇಲೆ ಮೊಹರು ಒತ್ತಿ ಒಳಗೆ ಇಟ್ಟಿದ್ದ. "ಅಜ್ಜಿ ಈಗ ಬಾಗಿಲವರೆಗೂ ಬರುತ್ತಿಲ್ಲ" ಎಂಬ ಸಾಲಿನ ಮೇಲೆ ಅಡ್ಡವಾಗಿ "ಪರಿಶೀಲನೆಯಲ್ಲಿದೆ" ಎಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಮೊಹರನ್ನು ಗುಮಾಸ್ತರು ಓದಿದ್ದು ಅದೇ ಮೊದಲು. ಅವರಿಗೆ ನಾಚಿಕೆಯಾಯಿತು. ಮನೆಗೆ ಹೋಗಿ ಆ ಕಾರ್ಡನ್ನು ಹೆಂಡತಿಯ ಮುಂದೆ ಇಟ್ಟರು. ಬಸ್ಸು ಬೆಳಗಿನ ಐದಕ್ಕೆ ಇದೆ ಎಂದಳು ಅವಳು.

ಅದೇ ಬೀದಿ, ಅದೇ ಕಂಬ, ಅದೇ ಮೂವತ್ತು ಜನ. ಗುಮಾಸ್ತರು ಎಂಟು ಕಾಗದಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಪೋಸ್ಟ್‌ಮ್ಯಾನ್ ಲಕೋಟೆಯಿಂದ ಒಂಬತ್ತನೆಯದನ್ನು ತೆಗೆದು ಪಕ್ಕದಲ್ಲಿ ಇಟ್ಟರು. ಅಜ್ಜಿ ಗುಡಿಸಿದ ಮೇಲೆ ತಾನೇ ಬೀಳಿಸಿದ್ದು, ತಾನು ತಜ್ಞನಲ್ಲ, ಮೊಹರು ಒತ್ತುವವನು ಎಂದು ಗುಮಾಸ್ತರು ತಲೆ ತಗ್ಗಿಸಿ ಹೇಳಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಿತ್ತು.

"ಹಾಗಾದ್ರೆ ಆ ಗುಂಡಿ?" ಎಂದು ಪೋಸ್ಟ್‌ಮ್ಯಾನ್ ಕೇಳಿದರು.

ಗುಂಡಿಯ ಬಗ್ಗೆ ನನಗೇನೂ ಗೊತ್ತಿಲ್ಲ ಎಂದರು ಗುಮಾಸ್ತರು. ಗುಂಪಿನಲ್ಲಿದ್ದ ಹತ್ತು ಜನ ತಮ್ಮ ತಮ್ಮ ಅಂಗೈ ನೋಡಿಕೊಂಡರು.

ಅಜ್ಜಿಯನ್ನು ಸೊಸೆ ಕೈ ಹಿಡಿದು ಕರೆತಂದಳು. ಎಂಟು ತಿಂಗಳಲ್ಲಿ ಅವಳು ಅರ್ಧದಷ್ಟಾಗಿದ್ದಳು. ಎಲ್ಲವನ್ನೂ ಕೇಳಿ, ಗುಮಾಸ್ತರ ಭುಜ ಹುಡುಕಿ ಅದರ ಮೇಲೆ ಕೈಯಿಟ್ಟಳು.

"ನಾನು ಗುಡಿಸಿದ್ದೆ ಅಂತ ನನಗೆ ಗೊತ್ತಿತ್ತು ಮಗಾ. ಮೂರು ತಿಂಗಳು ಗಟ್ಟಿಯಾಗಿ ಗೊತ್ತಿತ್ತು. ಆಮೇಲೆ ನನಗೇ ಅನುಮಾನ ಬಂತು, ಇಲ್ವೇನೋ ಅಂತ." ಅಷ್ಟೇ ಹೇಳಿ ಪೊರಕೆ ಕೊಡು ಎಂದು ಮಗನ ಕಡೆ ಕೈ ಚಾಚಿದಳು.

ಬಡಗಿ ಗೂಟದಿಂದ ಪೊರಕೆ ಇಳಿಸಿದ. ಸೊಸೆಯೂ ಬೇಡ ಎನ್ನಲಿಲ್ಲ. ಅಜ್ಜಿ ಕಂಬವನ್ನು ಮುಟ್ಟಿ ನೋಡಿಕೊಂಡು ಗುಡಿಸತೊಡಗಿದಳು. ಮೊದಮೊದಲು ಮನಸ್ಸಿನಲ್ಲಿ, ಆಮೇಲೆ ಬಾಯಿಬಿಟ್ಟು ಎಣಿಸಿದಳು. ಇಪ್ಪತ್ತರ ಹೊತ್ತಿಗೆ ಬೆನ್ನು ಕೊಂಚ ನೆಟ್ಟಗಾಯಿತು. ಮೂವತ್ತಕ್ಕೆ ಮುಖದಲ್ಲಿ ಬಣ್ಣ ಬಂತು. ಊರೆಲ್ಲ ಹಿಂದೆ ಹಿಂದೆ ನಡೆಯಿತು. ನಲವತ್ತು, ನಲವತ್ತೊಂದು, ನಲವತ್ತೆರಡು. ಅಜ್ಜಿ ನಿಂತಳು. ತಿರುಗಿಯೂ ನೋಡದೆ ಬಲಗೈ ಚಾಚಿದಳು.

ನಲ್ಲಿ ಇನ್ನೂ ಆರು ಹೆಜ್ಜೆ ಆಚೆ ಇತ್ತು. ಎಂಟು ತಿಂಗಳು ಕೂತ ಕಾಲು ಹೆಜ್ಜೆಯನ್ನು ಕುಗ್ಗಿಸಿಬಿಟ್ಟಿತ್ತು. ಗುಡಿಸದೆ ಉಳಿದ ಆ ಜಾಗದಲ್ಲಿ ಒಂದು ಹಳದಿ ಎಲೆ ಬಿದ್ದಿತ್ತು. ಅಜ್ಜಿಯ ಕೈ ಗಾಳಿಯಲ್ಲಿ ಒಮ್ಮೆ ಮುಚ್ಚಿ ತೆರೆಯಿತು.

"ಮುಟ್ಟಿದ್ನಾ?" ಎಂದಳು.

ಇದ್ದದ್ದನ್ನು ಇದ್ದ ಹಾಗೆ ಹೇಳುವ ಆ ಊರಿನಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಮೂವತ್ತು ಮುಖಗಳು ಮತ್ತೆ ಗುಮಾಸ್ತರ ಕಡೆಗೇ ತಿರುಗಿದವು. ಅವರು ಹೋಗಿ ನಲ್ಲಿಯ ಕೆಳಗಿದ್ದ ಚೊಂಬಿನಲ್ಲಿ ನೀರು ತುಂಬಿಕೊಂಡು ಬಂದು ಆ ಕೈಯ ಮೇಲೆ ಮೆಲ್ಲಗೆ ಸುರಿದರು.

"ಮುಟ್ಟಿದ್ರಿ ಅಜ್ಜಿ."

ಅಜ್ಜಿ ಎರಡೂ ಕೈ ಒಡ್ಡಿ ತೊಳೆದುಕೊಂಡಳು. ಚೊಂಬು ಖಾಲಿಯಾಗುವವರೆಗೂ ತೊಳೆದುಕೊಂಡಳು. "ಇವತ್ತು ನಲ್ಲಿ ಸಣ್ಣಗೆ ಬರ್ತಿದೆ," ಎಂದಳು. "ಯಾರಾದ್ರೂ ಸ್ವಲ್ಪ ನೋಡಿ."

"ಆಯ್ತು, ನೋಡ್ತೀವಿ," ಎಂದರು ಪೋಸ್ಟ್‌ಮ್ಯಾನ್. ಕೋಲನ್ನು ಬಡಗಿಯ ಕೈಗೆ ಕೊಟ್ಟು, ಕಷ್ಟಪಟ್ಟು ಬಗ್ಗಿ, ಆ ಹಳದಿ ಎಲೆಯನ್ನು ಸದ್ದಾಗದಂತೆ ಎತ್ತಿ ತಮ್ಮ ಜೇಬಿನಲ್ಲಿ ಇಟ್ಟುಕೊಂಡರು.

ನೋಡ್ತೀವಿ ಎಂಬ ಮಾತಿಗೆ ಕಚೇರಿಯ ಅರ್ಥ ಆ ಊರಿನಲ್ಲಿ ಬಂದದ್ದು ಅದೇ ಮೊದಲು. ಅದನ್ನು ಅಲ್ಲಿಗೆ ತಂದವರು ಯಾರೆಂದು ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಖಾಲಿ ಚೊಂಬು ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಹೆಂಡತಿ ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡು ನಲ್ಲಿಯ ಕೆಳಗೆ, ಮೊದಲಿದ್ದ ಜಾಗದಲ್ಲೇ ಇಟ್ಟಳು.